ತಾಯಿ ಏಡಿ ಹೊಟ್ಟೆ ಒಡೆದು ಸಾಯುವುದಿಲ್ಲ ಸ್ವಾಮಿ!

ಮುಂಗಾರು ಹಿಡಿದ ಮೊದಲ ವಾರ ಮಲೆನಾಡಿನ ಕಡೇ ಬಸ್ಸಿನಲ್ಲಿ ಊರಿಗೆ ಹೋಗುವವರಿಗೆ ಈ ನೋಟ ಹೊಸದಲ್ಲ. ಗದ್ದೆ ಅಂಚಿನಲ್ಲಿ, ಹಳ್ಳದ ಬದಿಯಲ್ಲಿ ಬೆಳಕು ಓಡಾಡುತ್ತಿರುತ್ತದೆ. ಹಿಂದೆ ಸೂಡಿ ಇತ್ತು, ಆಮೇಲೆ ಬ್ಯಾಟರಿ, ಈಗ ತಲೆಗೆ ಕಟ್ಟುವ ಲೈಟು. ಕೈಯಲ್ಲಿ ಗೋಣಿಚೀಲ, ಚೀಲದೊಳಗೆ ಕರಕರ ಸದ್ದು. ಮರುದಿನ ಕಳಲೆ ಹಾಕಿದ ಏಡಿ ಸಾರು, ಅಕ್ಕಿ ರೊಟ್ಟಿ. ತಿನ್ನುವುದು ತಪ್ಪೆಂದು ಯಾರೂ ಹೇಳುತ್ತಿಲ್ಲ. ಚೀಲಕ್ಕೆ ಬೀಳುವುದು ಯಾವ ಏಡಿ ಎಂಬುದೇ ಪ್ರಶ್ನೆ.

ಮರಿ ತುಂಬಿಕೊಂಡ ಏಡಿ ಸಿಕ್ಕರೆ, "ಹೇಗೂ ಸಾಯೋದೇ ಅಲ್ವಾ, ಹಾಕು ಚೀಲಕ್ಕೆ" ಅನ್ನುವವರುಂಟು. ಮರಿಗಳು ತಾಯಿಯ ಹೊಟ್ಟೆ ಒಡೆದುಕೊಂಡು ಬರುತ್ತವೆ, ತಾಯಿ ಅಲ್ಲಿಗೆ ಮುಗಿಯಿತು ಎಂಬ ನಂಬಿಕೆ ಇವತ್ತಿನದಲ್ಲ. ಮಹಾಭಾರತದ ವನಪರ್ವದಲ್ಲಿ ತನ್ನನ್ನು ಹೊತ್ತೊಯ್ಯಲು ಬಂದ ಜಯದ್ರಥನನ್ನು ದ್ರೌಪದಿ ಎಚ್ಚರಿಸುವಾಗ, ಏಡಿ ತನ್ನ ಸಾವಿಗೆಂದೇ ಬಸಿರಾಗುವ ಹೋಲಿಕೆಯನ್ನು ಕೊಡುತ್ತಾಳೆ. ಹೋಲಿಕೆ ಸೊಗಸಾಗಿದೆ. ಏಡಿಯ ವಿಷಯ ಮಾತ್ರ ನಿಜವಲ್ಲ.

ಏಡಿಯನ್ನು ಅಂಗಾತ ಮಾಡಿ ನೋಡಿ. ಹೊಟ್ಟೆಗೆ ಒತ್ತಿಕೊಂಡಂತೆ ಒಂದು ಪಟ್ಟಿ ಮಡಚಿರುತ್ತದೆ. ಗಂಡಿಗೆ ಅದು ಕಿರಿದು. ಹೆಣ್ಣಿಗೆ ಅಗಲ, ದುಂಡು, ಪರ್ಸಿನ ಮುಚ್ಚಳದ ಹಾಗೆ. ಗಂಡು ಹೆಣ್ಣು ಹೊಟ್ಟೆಗೆ ಹೊಟ್ಟೆ ಕೊಟ್ಟು ಕೂಡುತ್ತವೆ. ಗಂಡಿನ ವೀರ್ಯವನ್ನು ಹೆಣ್ಣು ಮೈಯೊಳಗೆ ಜೋಪಾನ ಮಾಡಿಟ್ಟುಕೊಂಡು ಮೊಟ್ಟೆ ಇಡುವ ಹೊತ್ತಿಗೆ ಬಳಸುತ್ತದೆ. ಹೊರಬಂದ ಮೊಟ್ಟೆಗಳು ಮುಚ್ಚಳದಡಿಯ ರೋಮವುಳ್ಳ ಪುಟ್ಟ ಕಾಲುಗಳಿಗೆ ಗೊಂಚಲು ಗೊಂಚಲಾಗಿ ಅಂಟಿಕೊಳ್ಳುತ್ತವೆ. ಮರಿಯಾಗುವುದೂ ಅಲ್ಲೇ. ಅಂದರೆ ಮರಿಗಳಿರುವುದು ಹೊಟ್ಟೆಯ ಒಳಗಲ್ಲ, ಹೊರಗೆ! ಒಡೆಯುವುದಕ್ಕೆ ಏನಿದೆ? ಮುಚ್ಚಳ ತೆರೆಯಿತು, ಮರಿಗಳು ನೀರಿಗಿಳಿದವು, ತಾಯಿ ತನ್ನ ದಾರಿ ಹಿಡಿಯಿತು.

ಇಂಥದೇ ಉಪಾಯ ಪೇಟೆಯ ಹೂಕುಂಡದ ಕೆಳಗೂ ನಡೆದಿದೆ. ಕುಂಡ ಎತ್ತಿದ ಕೂಡಲೇ ಚೆದುರಿ ಓಡುವ, 14 ಕಾಲಿನ ಬೂದು ಬಣ್ಣದ ಹುಳ ನೋಡಿದ್ದೀರಲ್ಲ? ಇಂಗ್ಲಿಷಿನಲ್ಲಿ ವುಡ್‌ಲೌಸ್. ಹುಳ ಅಂತ ಕರೆದರೂ ಅದು ಏಡಿ, ಸೀಗಡಿಗಳ ನೆಂಟ. ಅದರ ಹೆಣ್ಣು ಎದೆಯಡಿ ನೀರು ತುಂಬಿದ ಚೀಲದಲ್ಲಿ ಮೊಟ್ಟೆ ಇಟ್ಟುಕೊಂಡೇ ತಿರುಗುತ್ತದೆ. ನೀರು ಬಿಟ್ಟು ನೆಲಕ್ಕೆ ಬಂದರೂ ಮಕ್ಕಳಿಗೆಂದು ಪುಟ್ಟ ಕೆರೆಯನ್ನೇ ಹೊತ್ತು ತಂದಿದೆ ಅನ್ನಿ. ಮರಿ ಹೊರಬರುವಾಗ ಕಾಲು 12, ಉಳಿದ ಒಂದು ಜೊತೆ ಪೊರೆ ಬಿಟ್ಟ ಮೇಲೆ.

ನೆಲದ ಏಡಿಗಳಿಗೆಲ್ಲ ಈ ಅನುಕೂಲವಿಲ್ಲ. ಹಿಂದೂ ಮಹಾಸಾಗರದ ಕ್ರಿಸ್ಮಸ್ ದ್ವೀಪದ ಕೆಂಪು ಏಡಿ ಕಾಡಿನಲ್ಲಿ ಬಾಳಿದರೂ ಮೊಟ್ಟೆ ಬಿಡಲು ಸಮುದ್ರದವರೆಗೆ ನಡೆಯಲೇಬೇಕು. ಒಂದೊಂದು ಹೆಣ್ಣು 1 ಲಕ್ಷದವರೆಗೂ ಮೊಟ್ಟೆ ಬಿಡುತ್ತದೆ, ಬಹುಪಾಲು ಮೀನಿನ ಬಾಯಿಗೆ. ಏಡಿ ದಾಟುವಾಗ ಅಲ್ಲಿ ರಸ್ತೆಯನ್ನೇ ಮುಚ್ಚುತ್ತಾರೆ. ನಮ್ಮಲ್ಲಿ ಮಳೆಯ ರಾತ್ರಿ ಬಸ್ಸಿನ ಚಕ್ರದಡಿ ಚಟ್ ಎಂದದ್ದು ಯಾರ ಕಿವಿಗೂ ಬೀಳುವುದಿಲ್ಲ, ಬಿಡಿ.

ಘಟ್ಟದ ಹಳ್ಳದ ಏಡಿಯದು ಬೇರೆ ಲೆಕ್ಕ. ಮೊಟ್ಟೆ ಕಮ್ಮಿ, ಗಾತ್ರ ದೊಡ್ಡದು. ನೀರಿನಲ್ಲಿ ತೇಲುವ ಹಂತ ಇಲ್ಲವೇ ಇಲ್ಲ, ಮೊಟ್ಟೆಯಿಂದ ಬರುವಾಗಲೇ ಪುಟಾಣಿ ಏಡಿ. ತೇಲಿ ದೂರ ಹೋಗದ ಕಾರಣ ಮರಿಗಳು ಹುಟ್ಟಿದ ಹಳ್ಳದ ಆಸುಪಾಸಿನಲ್ಲೇ ಉಳಿಯುತ್ತವೆ. ಗುಡ್ಡಕ್ಕೊಂದು ಜಾತಿಯಾಗಲು ಇದೂ ಕಾರಣ. ಯಲ್ಲಾಪುರದ ಕಡೆ ಸಿಕ್ಕಿದ ಬಿಳಿ ಮೈ, ಕೆಂಪು ನೇರಳೆ ಕಾಲಿನ ಏಡಿಗೆ 2022ರಲ್ಲಿ 'ಘಾಟಿಯಾನ ದ್ವಿವರ್ಣ' ಎಂದು ಹೆಸರಿಟ್ಟು ಹೊಸ ಜಾತಿ ಎಂದು ಸಾರಿದರು. ಇಂಥ ಹಳ್ಳ ಒಮ್ಮೆ ಬರಿದಾದರೆ ಆಚೆ ಹಳ್ಳದಿಂದ ಬಂದು ತುಂಬುವವರಿಲ್ಲ.

ಬಲ್ಲವರು ಹಿಡಿದದ್ದನ್ನು ಒಮ್ಮೆ ಮಗುಚಿ ನೋಡುತ್ತಾರೆ. ಮುಚ್ಚಳ ಉಬ್ಬಿದ್ದರೆ ವಾಪಸ್ ನೀರಿಗೆ. ಅರ್ಧ ನಿಮಿಷದ ಕೆಲಸ. ನೋಡದವರ ಮನೆಯಲ್ಲಿ ಬೆಳಗ್ಗೆ ಗೋಣಿ ಕೊಡವಿದರೆ ತಳದಿಂದ ಕಾಳಿನ ಗಾತ್ರದ ಮರಿಗಳು ಉದುರುತ್ತವೆ. ಅಂಗಳದ ಕೋಳಿಗಳಿಗೆ ಅವತ್ತು ಹಬ್ಬ.