ಕನ್ನಡ ಎಂ.ಎ. ಆದವರೇ, ನೆಟ್ ಬರೆಯಿರಿ

ಮುಂಬಯಿ: ಕಲೀನಾದ ವಿದ್ಯಾನಗರಿಯಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ದುಡಿಮೆಯ ನಡುವೆಯೇ ಎಂ.ಎ. ಮುಗಿಸಿದ ತುಳು-ಕನ್ನಡಿಗರಿದ್ದಾರೆ. ಪದವಿಪತ್ರವನ್ನು ಕಪಾಟಿನಲ್ಲಿಟ್ಟು ಸುಮ್ಮನಾದವರಿಗೆ ಈ ಮಾತು.

2023ರ ಜುಲೈಯಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್.ಡಿ. ಕಡ್ಡಾಯವಲ್ಲ. ಎಂ.ಎ.ಯಲ್ಲಿ ಶೇ. 55 ಅಂಕವಿದ್ದು (ಮೀಸಲಾತಿಯವರಿಗೆ ಶೇ. 50) ಯುಜಿಸಿಯ ನೆಟ್ ಅಥವಾ ರಾಜ್ಯದ ಸೆಟ್ ತೇರ್ಗಡೆಯಾದರೆ ಅರ್ಜಿ ಹಾಕಬಹುದು. ಅಧ್ಯಾಪನಕ್ಕಾಗಿ ನೆಟ್ ಬರೆಯಲು ವಯೋಮಿತಿಯಿಲ್ಲ; ಹಾಗಾಗಿ ಗೃಹಿಣಿಯರೂ ಹಿಂಜರಿಯಬೇಕಾಗಿಲ್ಲ. ಸಂಶೋಧನಾ ವೇತನಕ್ಕೆ ಮಾತ್ರ ವಯಸ್ಸಿನ ಮಿತಿ ಉಂಟು. ಅದು ಸಿಕ್ಕಿದರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂ. 2024ರಿಂದ ಪಿಎಚ್.ಡಿ. ಪ್ರವೇಶಕ್ಕೂ ನೆಟ್ ಅಂಕ ಪರಿಗಣನೆಯಲ್ಲಿದೆ.

ಕಾಯಂ ಹುದ್ದೆ ವಿರಳ, ಗಂಟೆ ಲೆಕ್ಕದ ಪಾಠದಿಂದ ಮನೆ ನಡೆಯದು ಎಂಬುದೂ ನಿಜವೇ. ಆದರೆ ಹುದ್ದೆಯ ಜಾಹೀರಾತು ಬಂದಾಗ ಅರ್ಹರೇ ಇಲ್ಲವೆಂದಾದರೆ ವಿಭಾಗ ಉಳಿಯುವುದು ಹೇಗೆ? ನಮ್ಮ ಸಂಘಗಳು ವಿದ್ಯಾರ್ಥಿವೇತನ ವಿತರಿಸುವಾಗ ನೆಟ್ ಬರೆಯುವ ಒಬ್ಬಿಬ್ಬರ ಶುಲ್ಕ, ಪುಸ್ತಕದ ಖರ್ಚನ್ನೂ ವಹಿಸಿಕೊಳ್ಳಬಾರದೇಕೆ?