ಕೈಗೆ ಹೊಂದುವ ಮೌಸ್: ಕೊಳ್ಳುವ ಮೊದಲು ತಿಳಿದಿರಲಿ

ಕೈನೋವು ಎಂದರೆ ಸಕಲೇಶಪುರ, ಆಲೂರು ಕಡೆಯ ಮನೆಗಳಲ್ಲಿ ಮೊದಲು ನೆನಪಾಗುವುದು ಕಾಫಿ ಕೊಯ್ಲು, ಮೆಣಸು ಬಿಡಿಸುವುದು, ಕಲ್ಲಿನ ಮೇಲೆ ಬಟ್ಟೆ ಒಗೆಯುವುದು. ಈಗ ಅದೇ ಮನೆಗಳ ಮಕ್ಕಳು ಕಂಪ್ಯೂಟರ್ ಮುಂದೆ ಕುಳಿತಿದ್ದಾರೆ. ಒಬ್ಬಳು ನಾಲ್ಕಾರು ಅಂಗಡಿಗಳ ಟ್ಯಾಲಿ ಲೆಕ್ಕ ನೋಡುತ್ತಾಳೆ. ಒಬ್ಬ ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತಾನೆ. ಇನ್ನೊಬ್ಬ ಕಾಲೇಜು ಮುಗಿಸಿ ಬಂದು ಗೇಮ್ ಆಡುತ್ತಾನೆ. ಇವರೆಲ್ಲರ ಕೈಯೂ ದಿನಕ್ಕೆ ಸಾವಿರಾರು ಬಾರಿ ಒಂದೇ ಸಣ್ಣ ವಸ್ತುವಿನ ಗುಂಡಿ ಒತ್ತುತ್ತದೆ.

“ಗೇಮಿಂಗ್ ಮೌಸ್ ಬೇಕು” ಎಂದು ಮಗ ಕೇಳಿದರೆ ಬೈದು ಕಳಿಸುವವರಿದ್ದಾರೆ. ಬಣ್ಣ ಬಣ್ಣದ ದೀಪ ನೋಡಿ ತಕ್ಷಣ ಕೊಡಿಸುವವರೂ ಇದ್ದಾರೆ. ಇವೆರಡಕ್ಕೂ ಮೊದಲು ನೋಡಬೇಕಾದದ್ದು ಕೈಯನ್ನು. ಗೇಮಿಂಗ್ ಮೌಸ್ ಎಂಬುದು ಆಟಕ್ಕೆ ಮಾತ್ರ ಮೀಸಲಾದ ಸಾಮಾನಲ್ಲ. ಕೈಗೆ ಸರಿಯಾಗಿ ಹೊಂದಿದರೆ ಲೆಕ್ಕ ಬರೆಯುವವರಿಗೂ, ಡಿಸೈನ್ ಮಾಡುವವರಿಗೂ ಅದರಿಂದ ಉಪಯೋಗವಿದೆ. ಹೊಂದದಿದ್ದರೆ ಎಷ್ಟೇ ದುಬಾರಿಯಾದರೂ ನೋವು ತಪ್ಪದು.

ಮಣಿಕಟ್ಟು ಏಕೆ ನೋಯುತ್ತದೆ?

ನಮ್ಮ ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ದಾರಿ ಇದೆ. ಮೂರು ಕಡೆ ಮೂಳೆ, ಮೇಲೆ ಗಟ್ಟಿಯಾದ ಪಟ್ಟಿ. ಬೆರಳುಗಳನ್ನು ಮಡಚುವ 9 ಸ್ನಾಯುರಜ್ಜುಗಳು ಮತ್ತು ಮೀಡಿಯನ್ ಎಂಬ ಒಂದು ನರ ಈ ದಾರಿಯಲ್ಲೇ ಹಾದು ಹೋಗುತ್ತವೆ. ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ ಹಿಡಿದರೆ ಒಳಗಿನ ಒತ್ತಡ ಹೆಚ್ಚುತ್ತದೆ. ದಿನವೂ ಗಂಟೆಗಟ್ಟಲೆ ಹಾಗೆಯೇ ಇದ್ದರೆ ನರಕ್ಕೆ ತೊಂದರೆಯಾಗಬಹುದು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುವುದು, ರಾತ್ರಿ ಎಚ್ಚರವಾಗಿ ಕೈ ಕೊಡವಬೇಕೆನಿಸುವುದು ಇದರ ಲಕ್ಷಣ. ಇದಕ್ಕೆ ವೈದ್ಯರು ಕಾರ್ಪಲ್ ಟನಲ್ ಸಿಂಡ್ರೋಮ್ ಎನ್ನುತ್ತಾರೆ.

ಹಾಗೆಂದು ಎಲ್ಲಕ್ಕೂ ಮೌಸನ್ನೇ ದೂರಬೇಕಿಲ್ಲ. ಡೆನ್ಮಾರ್ಕ್‌ನಲ್ಲಿ ಸುಮಾರು 7000 ಕೆಲಸಗಾರರನ್ನು ಒಂದು ವರ್ಷ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ 20 ಗಂಟೆಗಿಂತ ಹೆಚ್ಚು ಮೌಸ್ ಬಳಸುವವರಲ್ಲಿ ಇಂಥ ಲಕ್ಷಣಗಳ ಸಾಧ್ಯತೆ ಹೆಚ್ಚು ಕಂಡಿತು. ಆದರೂ ಕಂಪ್ಯೂಟರ್ ಕೆಲಸವೇ ಈ ರೋಗಕ್ಕೆ ದೊಡ್ಡ ಕಾರಣ ಎಂದು ಹೇಳಲು ಆಗದು ಎಂಬುದೇ ಅವರ ತೀರ್ಮಾನವಾಗಿತ್ತು. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಗರ್ಭಾವಸ್ಥೆ, ಅಧಿಕ ತೂಕ ಇವೂ ಕಾರಣವಾಗುತ್ತವೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು.

ನಮ್ಮ ಕಡೆ ಇನ್ನೊಂದು ಮಾತನ್ನು ಮರೆಯಬಾರದು. ಹಗಲು ಕಾಫಿ ಕೊಯ್ದ ಅಥವಾ ಗಿಡದ ಚಿಗುರು ತೆಗೆದ ಕೈಯೇ ರಾತ್ರಿ ಮೌಸ್ ಹಿಡಿಯುತ್ತದೆ. ಘಾಟಿಯ ತಿರುವುಗಳಲ್ಲಿ ಬೈಕಿನ ಹಿಡಿ ಬಿಗಿಯಾಗಿ ಹಿಡಿದ ಕೈಯೂ ಅದೇ. ಈ ಶ್ರಮವೆಲ್ಲ ಒಂದೇ ಸ್ನಾಯುಗಳ ಮೇಲೆ ಕೂಡುತ್ತಾ ಹೋಗುತ್ತದೆ. ಆದ್ದರಿಂದ ಕೊಯ್ಲಿನ ತಿಂಗಳುಗಳಲ್ಲಿ ಕಂಪ್ಯೂಟರ್ ಹೊತ್ತು ಸ್ವಲ್ಪ ಕಡಿಮೆ ಮಾಡಿಕೊಳ್ಳುವುದು ಜಾಣತನ.

ಮೊದಲು ಕೈ ಅಳೆಯಿರಿ

ಚಪ್ಪಲಿ ಕೊಳ್ಳುವಾಗ ಕಾಲಿಟ್ಟು ನೋಡುತ್ತೇವೆ. ಮೌಸ್ ಮಾತ್ರ ಡಬ್ಬಿಯ ಚಿತ್ರ ನೋಡಿ ತರುತ್ತೇವೆ. ಒಂದು ಸ್ಕೇಲ್ ತೆಗೆದುಕೊಂಡು ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಯವರೆಗೆ ಅಳೆಯಿರಿ. ಅಂದಾಜು ಲೆಕ್ಕದಲ್ಲಿ 17 ಸೆಂ.ಮೀ. ಒಳಗಿದ್ದರೆ ಸಣ್ಣ ಕೈ, 17ರಿಂದ 19.5 ಮಧ್ಯಮ, ಅದಕ್ಕಿಂತ ಹೆಚ್ಚಿದ್ದರೆ ದೊಡ್ಡ ಕೈ. ಮೌಸಿನ ಉದ್ದ ಕೈಯ ಉದ್ದದ ಹತ್ತರಲ್ಲಿ ಆರು ಪಾಲಿನಷ್ಟಿದ್ದರೆ ಬಹುಪಾಲು ಜನರಿಗೆ ಹೊಂದುತ್ತದೆ. ಅಂದರೆ 18 ಸೆಂ.ಮೀ. ಕೈಗೆ ಸುಮಾರು 11 ಸೆಂ.ಮೀ. ಮೌಸ್.

ಪೇಟೆಯಲ್ಲಿ ಸಿಗುವ ಎರಡು ವೈರ್ ಮೌಸ್‌ಗಳನ್ನು ಹೋಲಿಸಿ ನೋಡೋಣ. ಲಾಜಿಟೆಕ್ ಜಿ102 ಸುಮಾರು 11.7 ಸೆಂ.ಮೀ. ಉದ್ದ, ಬೆನ್ನಿನ ಎತ್ತರ 3.8 ಸೆಂ.ಮೀ., ತೂಕ 85 ಗ್ರಾಂ. ರೇಜರ್ ಡೆತ್‌ಆ್ಯಡರ್ ಎಸೆನ್ಷಿಯಲ್ 12.7 ಸೆಂ.ಮೀ. ಉದ್ದ, 4.3 ಸೆಂ.ಮೀ. ಎತ್ತರ, ತೂಕ 96 ಗ್ರಾಂ. ಮೊದಲನೆಯದು ಸಣ್ಣ ಮತ್ತು ಮಧ್ಯಮ ಕೈಗೆ, ಎರಡನೆಯದು ದೊಡ್ಡ ಕೈಗೆ ಸರಿ. ತಂದೆಗೆ ಹಿತವಾದದ್ದು ಹನ್ನೆರಡು ವರ್ಷದ ಮಗಳಿಗೆ ಹಿತವಾಗಬೇಕೆಂದಿಲ್ಲ. ದೊಡ್ಡ ಮೌಸ್ ಹಿಡಿದ ಸಣ್ಣ ಕೈ ಬೆರಳುಗಳನ್ನು ಚಾಚಿ ಒತ್ತುತ್ತದೆ, ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಸಣ್ಣ ಮೌಸ್ ಹಿಡಿದ ದೊಡ್ಡ ಕೈ ಬೆರಳುಗಳನ್ನು ಮುದುರಿ ಬಿಗಿ ಹಿಡಿಯುತ್ತದೆ.

ಹಿಡಿಯುವ ರೀತಿಯೂ ಮೂರು ಬಗೆ. ಇಡೀ ಅಂಗೈಯನ್ನು ಮೌಸಿನ ಬೆನ್ನ ಮೇಲೆ ಇಡುವುದು ಒಂದು. ಅಂಗೈಯ ಹಿಂಭಾಗ ಮಾತ್ರ ತಾಗಿಸಿ ಬೆರಳುಗಳನ್ನು ಬಾಗಿಸುವುದು ಎರಡನೆಯದು. ಬೆರಳ ತುದಿಯಲ್ಲಷ್ಟೇ ಹಿಡಿಯುವುದು ಮೂರನೆಯದು. ಹೆಚ್ಚು ಹೊತ್ತು ಕೆಲಸ ಮಾಡುವವರಿಗೆ ಮೊದಲನೆಯದರಲ್ಲಿ ಬೆರಳಿಗೆ ಶ್ರಮ ಕಡಿಮೆ, ಅದಕ್ಕೆ ಬೆನ್ನು ಸ್ವಲ್ಪ ಎತ್ತರವಿರುವ ಮೌಸ್ ಬೇಕು. ಬೆರಳ ತುದಿಯಲ್ಲಿ ಹಿಡಿಯುವವರಿಗೆ ಹಗುರವಾದದ್ದು ಒಳ್ಳೆಯದು.

ಮಗು ಎಡಚನಾಗಿದ್ದರೆ ಎರಡೂ ಬದಿ ಒಂದೇ ಆಕಾರವಿರುವ ಮೌಸ್ ಕೊಡಿಸಿ. ಬಲಗೈಯಲ್ಲಿ ಊಟ ಮಾಡಲು ಮನೆಯಲ್ಲಿ ಕಲಿಸುತ್ತೇವೆ, ಅದು ಸರಿ. ಆದರೆ ಗಂಟೆಗಟ್ಟಲೆಯ ಬೆರಳ ಕೆಲಸಕ್ಕೆ ಅದು ಯಾವ ಕೈಯನ್ನು ಮುಂದಿಡುತ್ತದೋ ಆ ಕೈಗೇ ಬಿಡಿ. ಕಂಪ್ಯೂಟರ್ ಸೆಟ್ಟಿಂಗ್‌ನಲ್ಲಿ ಎಡ, ಬಲ ಗುಂಡಿಗಳನ್ನು ಅದಲು ಬದಲು ಮಾಡಿಕೊಳ್ಳಬಹುದು.

ವೈರ್ ಇರುವುದೇ ಏಕೆ?

ವೈರ್ ಮೌಸಿಗೆ ಬ್ಯಾಟರಿ ಬೇಡ, ಚಾರ್ಜ್ ಬೇಡ. ಮಳೆಗಾಲದಲ್ಲಿ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಿದ್ದರೂ ಇದು ನಡೆಯುತ್ತದೆ. ಹೆತ್ತೂರು, ಯಸಳೂರಿನಂಥ ಕಡೆ ರಾತ್ರಿ ಸೆಲ್ ತರಲು ಪೇಟೆಗೆ ಓಡುವ ಪಾಡಿಲ್ಲ. ಅದೇ ಬೆಲೆಗೆ ವೈರ್‌ಲೆಸ್‌ಗಿಂತ ಒಳ್ಳೆಯ ಸೆನ್ಸರ್ ಸಿಗುವುದೂ ಉಂಟು.

ತೊಂದರೆ ಇರುವುದು ವೈರಿನ ಬಿಗಿಯಲ್ಲಿ. ಗಟ್ಟಿ ವೈರ್ ಕೈಯನ್ನು ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ. ಆ ಎಳೆತಕ್ಕೆ ಎದುರಾಗಿ ಬೆರಳು ಬಿಗಿ ಹಿಡಿಯುತ್ತದೆ, ಸಂಜೆ ಹೊತ್ತಿಗೆ ನೋವು ಬರುತ್ತದೆ. ಅಂಗಡಿಯಲ್ಲಿ ವೈರನ್ನು ಕೈಯಲ್ಲಿ ಬಾಗಿಸಿ ನೋಡಿ, ಮೆತ್ತಗೆ ಬಾಗಬೇಕು. ಮನೆಯಲ್ಲಿ ಮೇಜಿನ ಮೇಲೆ ವೈರಿಗೆ ಒಂದು ಸಡಿಲ ಸುತ್ತು ಬಿಟ್ಟು, ಅದರ ಹಿಂದೆ ಭಾರವಿಟ್ಟು ನಿಲ್ಲಿಸಿ. ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಕಂಪ್ಯೂಟರಿನ ಪ್ಲಗ್ ತೆಗೆದಿಡುವುದನ್ನು ಮಾತ್ರ ಮರೆಯಬೇಡಿ.

ಡಿಪಿಐ ಎಂಬ ಸಂಖ್ಯೆಗೆ ಮರುಳಾಗಬೇಡಿ

ಡಬ್ಬಿಯ ಮೇಲೆ 6400, 8000 ಎಂದು ದೊಡ್ಡದಾಗಿ ಬರೆದಿರುತ್ತಾರೆ. ಡಿಪಿಐ ಎಂದರೆ ಮೌಸ್ ಒಂದು ಇಂಚು ಸರಿದಾಗ ಎಷ್ಟು ಹೆಜ್ಜೆ ಎಣಿಸುತ್ತದೆ ಎಂಬ ಲೆಕ್ಕ. 1920 ಚುಕ್ಕಿ ಅಗಲದ ಪರದೆಯನ್ನು ದಾಟಲು 800 ಡಿಪಿಐನಲ್ಲಿ 2.4 ಇಂಚು ಸರಿಸಬೇಕು, 1600ರಲ್ಲಿ 1.2 ಇಂಚು ಸಾಕು. 8000ದಲ್ಲಿ ಕಾಲು ಇಂಚಿಗೂ ಕಡಿಮೆ. ಅಷ್ಟು ವೇಗದಲ್ಲಿ ಸಣ್ಣ ಗುರುತಿನ ಮೇಲೆ ಬಾಣ ನಿಲ್ಲಿಸುವುದು ಯಾರಿಗೂ ಕಷ್ಟ. ನಿಲ್ಲಿಸಲು ಹೋಗಿ ಬೆರಳು ಬಿಗಿಯಾಗುತ್ತದೆ. ತೀರಾ ಕಡಿಮೆ ಇಟ್ಟರೆ ಮತ್ತೆ ಮತ್ತೆ ಎತ್ತಿ ಇಡಬೇಕಾಗುತ್ತದೆ. ಸಾಮಾನ್ಯ ಕೆಲಸಕ್ಕೆ 800ರಿಂದ 1600ರ ನಡುವೆ ಇಟ್ಟು, ಒಂದು ವಾರ ಬಳಸಿ ನೋಡಿ ತೀರ್ಮಾನಿಸಿ.

ಇನ್ನೊಂದು ಸಂಖ್ಯೆ ಹರ್ಟ್ಜ್. ಸಾಮಾನ್ಯ ಮೌಸ್ ಸೆಕೆಂಡಿಗೆ 125 ಬಾರಿ ಕಂಪ್ಯೂಟರಿಗೆ ಸುದ್ದಿ ಕೊಡುತ್ತದೆ, ಗೇಮಿಂಗ್ ಮೌಸ್ 1000 ಬಾರಿ. ವೇಗದ ಆಟದಲ್ಲಿ ಇದರಿಂದ ಪ್ರಯೋಜನವಿರಬಹುದು. ಲೆಕ್ಕಪತ್ರದ ಕೆಲಸದಲ್ಲಿ ವ್ಯತ್ಯಾಸ ಗೊತ್ತೇ ಆಗದು. ಅದಕ್ಕಾಗಿ ಹೆಚ್ಚು ಹಣ ಕೊಡಬೇಕಿಲ್ಲ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ತಂದ ಕೂಡಲೇ, ಹಿಂತಿರುಗಿಸುವ ಅವಧಿ ಮುಗಿಯುವ ಮೊದಲೇ ಇವನ್ನು ಮಾಡಿ ನೋಡಿ.

1. ಕಂಪ್ಯೂಟರ್ ಸೆಟ್ಟಿಂಗ್‌ನಲ್ಲಿ ‘ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್’ ಎಂಬುದನ್ನು ತೆಗೆದುಬಿಡಿ. ಮೌಸನ್ನು ದಪ್ಪ ಪುಸ್ತಕದ ಅಂಚಿಗೆ ತಾಗಿಸಿ, ಬಾಣ ಎಲ್ಲಿದೆ ಎಂದು ನೋಡಿಕೊಳ್ಳಿ. ಬಾಣ ಪರದೆಯ ಅಂಚಿಗೆ ತಾಗದಂತೆ ಬಲಕ್ಕೆ ಬೇಗ ಸರಿಸಿ, ನಿಧಾನವಾಗಿ ಅದೇ ಅಂಚಿಗೆ ತನ್ನಿ. ಬಾಣ ಹೆಚ್ಚು ಕಡಿಮೆ ಮೊದಲಿನ ಜಾಗಕ್ಕೇ ಬಂದರೆ ಸೆನ್ಸರ್ ಚೆನ್ನಾಗಿದೆ.

2. ಪೇಂಟ್ ತೆರೆದು ನಿಧಾನವಾಗಿ ಓರೆ ಗೆರೆಗಳನ್ನು ಎಳೆಯಿರಿ. ಕೈ ನಡುಗದಿದ್ದರೂ ಗೆರೆ ಹಲ್ಲು ಹಲ್ಲಾಗಿ ಕುಣಿದರೆ ಸೆನ್ಸರ್ ಅಥವಾ ಕೆಳಗಿನ ಮೇಜು ಸರಿಯಿಲ್ಲ. ಗಾಜಿನ ಮೇಜಿನ ಮೇಲೆ ಬಹುತೇಕ ಮೌಸ್‌ಗಳು ತಡವರಿಸುತ್ತವೆ, ಕೆಳಗೆ ಪ್ಯಾಡ್ ಹಾಕಿ.

3. ಒಂದು ಫೋಲ್ಡರಿನ ಮೇಲೆ ಬಿಟ್ಟು ಬಿಟ್ಟು ಇಪ್ಪತ್ತು ಬಾರಿ ಒಮ್ಮೊಮ್ಮೆ ಒತ್ತಿ. ಒಂದೇ ಒತ್ತಿಗೆ ಫೋಲ್ಡರ್ ತೆರೆದುಕೊಂಡರೆ ಗುಂಡಿಯಲ್ಲಿ ದೋಷವಿದೆ, ಹಿಂತಿರುಗಿಸಿ.

4. ಅರ್ಧ ಗಂಟೆ ನಿಮ್ಮ ನಿತ್ಯದ ಕೆಲಸವನ್ನೇ ಮಾಡಿ. ನಂತರ ಮೌಸ್ ಬಿಟ್ಟು ಕೈ ಸಡಿಲಿಸಿ. ಹೆಬ್ಬೆರಳ ಬುಡ, ಮಣಿಕಟ್ಟಿನ ಮೇಲ್ಭಾಗ, ಮೊಣಕೈಯ ಹೊರಬದಿ ಇವುಗಳಲ್ಲಿ ಎಲ್ಲಿಯಾದರೂ ಬಿಗಿತವಿದೆಯೇ? ಮೂರು ದಿನವೂ ಅದೇ ಜಾಗ ಬಿಗಿದರೆ ಆ ಮೌಸ್ ನಿಮ್ಮದಲ್ಲ.

ಕೂರುವ ರೀತಿ

ಒಳ್ಳೆಯ ಮೌಸ್ ಇದ್ದೂ ಮೇಜು ಎತ್ತರವಾಗಿದ್ದರೆ ಪ್ರಯೋಜನವಿಲ್ಲ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಆಗ ಭುಜ ಮೇಲಕ್ಕೇರುತ್ತದೆ. ಕುರ್ಚಿಗೆ ಗಟ್ಟಿ ದಿಂಬು ಹಾಕಿ, ಮೊಣಕೈ ಮೇಜಿನ ಮಟ್ಟಕ್ಕೆ ಬರುವಂತೆ ಕುಳಿತುಕೊಳ್ಳಿ. ಕಾಲು ನೆಲಕ್ಕೆ ತಾಗದಿದ್ದರೆ ಕೆಳಗೆ ಮಣೆ ಇಡಿ. ಮೌಸ್ ಕೀಬೋರ್ಡಿನ ಪಕ್ಕದಲ್ಲೇ ಇರಲಿ. ಮಣಿಕಟ್ಟನ್ನು ಮೇಜಿನ ಚೂಪಾದ ಅಂಚಿಗೆ ಒತ್ತಬೇಡಿ. ಸರಿಸುವಾಗ ಮೊಣಕೈಯಿಂದ ಸರಿಸಿ. ಅರ್ಧ ಗಂಟೆಗೊಮ್ಮೆ ಒಂದೆರಡು ನಿಮಿಷ ಕೈ ಬಿಡಿ. ನಮಾಝಿಗೆ ಏಳುವ ಹೊತ್ತು ಹೇಗೂ ಇದೆ, “ಈ ಒಂದು ಆಟ ಮುಗಿಯಲಿ” ಎಂದು ಅದನ್ನು ಮುಂದೂಡದಿದ್ದರೆ ಕೈಗೂ ವಿಶ್ರಾಂತಿ ಸಿಗುತ್ತದೆ.

ಮಳೆಗಾಲದ ಚಳಿಯಲ್ಲಿ ಬೆರಳುಗಳು ಸೆಟೆದುಕೊಂಡಿರುತ್ತವೆ. ಕೆಲಸ ಶುರು ಮಾಡುವ ಮೊದಲು ಉಗುರು ಬೆಚ್ಚಗಿನ ನೀರಿನಲ್ಲಿ ಕೈ ತೊಳೆದು, ಒರೆಸಿ, ಹತ್ತು ಬಾರಿ ಮುಷ್ಟಿ ಕಟ್ಟಿ ಬಿಡಿ.

ತೇವ, ಬೂಷ್ಟು ಮತ್ತು ಶುಚಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಮೌಸಿನ ಬಟ್ಟೆ ಪ್ಯಾಡಿಗೂ ಹಿಡಿಯುತ್ತದೆ. ಒಗೆದರೆ ಒಣಗುವುದಿಲ್ಲ. ಮಳೆಗಾಲದಲ್ಲಿ ಒರೆಸಿದರೆ ಸಾಕಾಗುವ ಗಟ್ಟಿ ಪ್ಯಾಡ್ ಮೇಲು. ಬದಿಯಲ್ಲಿ ಮೆತ್ತನೆಯ ರಬ್ಬರ್ ಲೇಪವಿರುವ ಮೌಸ್‌ಗಳು ತೇವ ಮತ್ತು ಬೆವರಿಗೆ ಒಂದೆರಡು ವರ್ಷದಲ್ಲಿ ಅಂಟಂಟಾಗುವುದುಂಟು. ಸಾದಾ ಪ್ಲಾಸ್ಟಿಕ್ ಮೈ ಇರುವುದನ್ನೇ ಆರಿಸಿ.

ವಾರಕ್ಕೊಮ್ಮೆ ವೈರ್ ಕಳಚಿ, 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಹಿಂಡಿದ ಬಟ್ಟೆಯಿಂದ ಒರೆಸಿ. ನೇರವಾಗಿ ಸುರಿಯಬೇಡಿ. ಸೆನ್ಸರಿನ ತೂತನ್ನು ಒಣ ಹತ್ತಿಯಲ್ಲಿ ಮೆಲ್ಲಗೆ ಶುಚಿ ಮಾಡಿ. ಅಡಿಯ ಪಾದಗಳ ಅಂಚಿಗೆ ಕೂತ ಕೊಳೆಯನ್ನು ಹಲ್ಲುಕಡ್ಡಿಯಲ್ಲಿ ತೆಗೆಯಿರಿ. ಪಾದ ಸವೆದರೆ ಮೌಸ್ ಉಜ್ಜುತ್ತದೆ, ಕೈಗೆ ಶ್ರಮ ಹೆಚ್ಚು. ಎಣ್ಣೆ ತಿಂಡಿ ತಿಂದ ಕೈಯಲ್ಲಿ ಮುಟ್ಟಬೇಡಿ. ಸೈಬರ್ ಅಂಗಡಿ ಅಥವಾ ಕಾಲೇಜು ಲ್ಯಾಬಿನ ಮೌಸ್ ಹಲವರ ಕೈ ದಾಟಿ ಬಂದಿರುತ್ತದೆ. ಜ್ವರ, ಕೆಂಗಣ್ಣು ಹರಡುವ ಕಾಲದಲ್ಲಿ ಕೈ ತೊಳೆಯುವವರೆಗೆ ಮುಖ ಮುಟ್ಟದಿರಿ.

ಯಾವಾಗ ವೈದ್ಯರ ಬಳಿಗೆ?

ರಾತ್ರಿ ಜೋಮು ಹಿಡಿದು ಎಚ್ಚರವಾಗುವುದು, ಲೋಟ ಕೈಜಾರುವುದು, ಗುಂಡಿ ಹಾಕಲು ಕಷ್ಟವಾಗುವುದು, ಸುಜೂದ್‌ನಲ್ಲಿ ಅಂಗೈ ಊರಿದಾಗ ಮಣಿಕಟ್ಟು ಚುಚ್ಚಿದಂತಾಗುವುದು ಎರಡು ವಾರಕ್ಕಿಂತ ಹೆಚ್ಚಿದ್ದರೆ ತೋರಿಸಿ. ಹೆಬ್ಬೆರಳ ಬುಡದ ಮಾಂಸ ಇಳಿದಂತೆ ಕಂಡರಂತೂ ತಡ ಮಾಡಲೇಬೇಡಿ. ಕಿರುಬೆರಳಿಗೆ ಜೋಮು ಹಿಡಿದರೆ ಕಾರಣ ಬೇರೆ, ಮೊಣಕೈಯನ್ನು ಮೇಜಿಗೆ ಊರಿ ಕೂರುವುದರಿಂದಲೂ ಅದು ಬರಬಹುದು. ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆ, ಆಲೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಅಗತ್ಯವಿದ್ದರೆ ಹಾಸನದ ಹಿಮ್ಸ್‌ಗೆ ಹೋಗಬಹುದು. ಬೇಗ ಹೋದರೆ ರಾತ್ರಿ ಮಣಿಕಟ್ಟನ್ನು ನೇರವಾಗಿಡುವ ಪಟ್ಟಿ ಕಟ್ಟಿಕೊಳ್ಳುವುದರಲ್ಲೇ ಹಲವರಿಗೆ ಗುಣ ಕಾಣುತ್ತದೆ. ಎಣ್ಣೆ ಹಚ್ಚಿ ಬಲವಾಗಿ ತಿರುಚಿ ನೀವಿಸಿಕೊಳ್ಳಬೇಡಿ.

ಉಮ್ಮಂದಿರಿಗೆ ಒಂದು ಮಾತು. ಮಗನ ಕೈನೋವನ್ನು “ಆಟದ ಫಲ” ಎಂದು ತಳ್ಳಿಹಾಕಬೇಡಿ, ನಿಮ್ಮ ಜೋಮನ್ನು “ಮನೆಕೆಲಸದ್ದು, ಇದ್ದದ್ದೇ” ಎಂದು ನುಂಗಿಕೊಳ್ಳಲೂ ಬೇಡಿ. ಅತಿಯಾದ ಆಟ ಬೇರೆಯದೇ ಸಮಸ್ಯೆ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಯಲ್ಲಿರುವ ತನ್ನ ರೋಗಪಟ್ಟಿಯಲ್ಲಿ ಗೇಮಿಂಗ್ ಚಟವನ್ನೂ ಸೇರಿಸಿದೆ. ಓದು, ನಿದ್ದೆ, ಮನೆಯವರೊಂದಿಗಿನ ಮಾತು ಎಲ್ಲವನ್ನೂ ಆಟ ನುಂಗುತ್ತಿದ್ದರೆ ಒಳ್ಳೆಯ ಮೌಸ್ ಅದಕ್ಕೆ ಮದ್ದಲ್ಲ. ಆದರೆ ಮಗ ಅಥವಾ ಮಗಳು ಇದೇ ಕೈಯಿಂದ ನಾಳೆ ಸಂಪಾದಿಸಬೇಕು. ಮುಂದಿನ ಸಲ ಪೇಟೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಡಬ್ಬಿ ಬಿಚ್ಚಿಸಿ, ಮೌಸಿನ ಮೇಲೆ ಅವರ ಕೈಯಿಟ್ಟು ನೋಡಿ ತನ್ನಿ.