ಊರಲ್ಲಿ ಮಳೆಯಿಲ್ಲ, ಹೊಳೆ ಬಂದದ್ದು ಹೇಗೆ?

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಕೃಷ್ಣಾ ತೀರದ ಒಂದು ಪ್ರೌಢಶಾಲೆ. ಎಂಟನೆಯ ತರಗತಿಗೆ ‘ಮೋಡಗಳ ವಿಧಗಳು’ ಪಾಠ. ಹತ್ತಿಯಿಂದ ಮಾಡಿದ ಮಾದರಿಗಳನ್ನು ತೋರಿಸಿದೆ. ಮೋಡ ನೋಡಿ ಮಳೆಯನ್ನು, ಮಳೆ ನೋಡಿ ಪ್ರವಾಹವನ್ನು ಊಹಿಸಬಹುದು ಎಂದು ಪಾಠ ಮುಗಿಸಿದೆ. ಆಗ ಕೊನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಅಕ್ಕೋರ, 2019ರಾಗ ನಮ್ಮೂರಾಗ ಅಂಥಾ ಮಳಿನ ಇರಲಿಲ್ಲಂತರಿ. ಆದ್ರೂ ಹೊಳಿ ಬಂದು ನಮ್ಮ ಮನಿ ಬಿತ್ತು. ಅದ್ಹೆಂಗರಿ?”

ನನ್ನ ಪಾಠ ಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. “ನಾಳೆ ಹೇಳ್ತೀನಿ” ಎಂದು ಕುಳ್ಳಿರಿಸಿದೆ. ಅವಲೋಕನಕ್ಕೆ ಬಂದಿದ್ದ ನಮ್ಮ ಉಪನ್ಯಾಸಕರು, “ಆ ಪ್ರಶ್ನೆಯನ್ನೇ ನಾಳೆಯ ಪೀಠಿಕೆ ಮಾಡಿಕೊಳ್ಳಮ್ಮ” ಎಂದರು. ಮರುದಿನದ ಪಾಠವನ್ನು ಮೂರು ಹಂತಗಳಲ್ಲಿ ಕಟ್ಟಿದೆ.

ಮೊದಲನೆಯದು, ಮೋಡ ಏನು ಹೇಳುತ್ತದೆ ಎಂಬುದು. ಆರು ಕಿ.ಮೀ.ಗೂ ಮೇಲೆ ಗರಿಯಂತೆ ತೇಲುವ ಸಿರಸ್ ಅಥವಾ ಹಿಮಕಣ ಮೋಡ ಮಳೆ ಸುರಿಸುವುದಿಲ್ಲ. ಹತ್ತಿಯ ಗುಡ್ಡೆಯಂಥ ಕ್ಯುಮುಲಸ್ ಅಥವಾ ರಾಶಿ ಮೋಡ ಚಿಕ್ಕದಿದ್ದಾಗ ಒಣ ಹವೆಯ ಗುರುತು. ಅದೇ ಎತ್ತರಕ್ಕೆ ಬೆಳೆದು ಕ್ಯುಮುಲೋನಿಂಬಸ್ ಆದರೆ ಗುಡುಗು, ಸಿಡಿಲು, ಬಿರುಮಳೆ. ಆಕಾಶವನ್ನೆಲ್ಲ ಬೂದು ಕಂಬಳಿಯಂತೆ ಮುಚ್ಚುವ ನಿಂಬೋಸ್ಟ್ರೇಟಸ್ ಬಿಡದೆ ಸುರಿಯುತ್ತದೆ. ಇವೆಲ್ಲ ಹೇಳುವುದು ನಮ್ಮ ತಲೆಯ ಮೇಲಿನ ಹವೆಯನ್ನು ಮಾತ್ರ.

ಎರಡನೆಯದು, ಹೊಳೆಯ ನೀರು ಎಲ್ಲಿಯದು ಎಂಬುದು. ಕಪ್ಪು ಹಲಗೆಯ ಮೇಲೆ ಮಹಾಬಳೇಶ್ವರದಿಂದ ನಮ್ಮೂರಿನವರೆಗೆ ಕೃಷ್ಣೆಯ ಗೆರೆ ಎಳೆದೆ. ಕರಾಡದಲ್ಲಿ ಕೊಯ್ನಾ, ಮುಂದೆ ವಾರಣಾ, ನರಸೋಬವಾಡಿಯಲ್ಲಿ ಪಂಚಗಂಗಾ, ಆಮೇಲೆ ದೂಧಗಂಗಾ ಸೇರಿಸಿದೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿ.ಮೀ.ಗೂ ಹೆಚ್ಚು ಮಳೆ. ನಮ್ಮ ಬಯಲಿನಲ್ಲಿ ಸುಮಾರು ಅದರ ಹತ್ತನೆಯ ಒಂದು ಪಾಲು. 2019ರ ಆಗಸ್ಟಿನಲ್ಲಿ ಘಟ್ಟದ ಮೇಲೆ ದಿನಗಟ್ಟಲೆ ಸುರಿದ ಮಳೆ ಮತ್ತು ತುಂಬಿದ ಜಲಾಶಯಗಳಿಂದ ಬಿಟ್ಟ ನೀರು ಇದೇ ಗೆರೆಯಲ್ಲಿ ಇಳಿದು ಬಂತು. ಹಾಗಾಗಿ ಮೋಡ ಅಲ್ಲಿ, ಪ್ರವಾಹ ಇಲ್ಲಿ.

ಪತ್ರಿಕೆಯಲ್ಲಿ ಓದುವ ‘ಒಂದು ಲಕ್ಷ ಕ್ಯುಸೆಕ್’ ಎಷ್ಟೆಂದು ಮಕ್ಕಳಿಂದಲೇ ಲೆಕ್ಕ ಮಾಡಿಸಿದೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಅಂದರೆ ಒಂದೇ ದಿನದಲ್ಲಿ 864 ಕೋಟಿ ಘನ ಅಡಿ, 8.64 ಟಿಎಂಸಿ. ಉತ್ತರ ಬಂದಾಗ ತರಗತಿ ಸುಮ್ಮನಾಯಿತು.

ಮೂರನೆಯದು, ಮುನ್ನೆಚ್ಚರಿಕೆಯನ್ನು ಓದುವ ಬಗೆ. ಭಾರತೀಯ ಹವಾಮಾನ ಇಲಾಖೆ ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಸೂಚನೆ ಕೊಡುತ್ತದೆ. ಬಣ್ಣದ ಜೊತೆಗೆ ಜಿಲ್ಲೆಯನ್ನೂ ನೋಡಬೇಕು. ನಮ್ಮ ಜಿಲ್ಲೆ ಹಸಿರಿದ್ದು ಸಾತಾರಾ, ಕೊಲ್ಹಾಪುರ ಕೆಂಪಿದ್ದರೆ ಹೊಳೆದಂಡೆಯವರು ನಿಶ್ಚಿಂತರಾಗಿರುವಂತಿಲ್ಲ. ಕೇಂದ್ರ ಜಲ ಆಯೋಗ ನದಿಯ ನೀರನ್ನು ಎಚ್ಚರಿಕೆ ಮಟ್ಟ, ಅಪಾಯ ಮಟ್ಟ, ಹಿಂದಿನ ಗರಿಷ್ಠ ಮಟ್ಟ ಎಂಬ ಮೂರು ಗುರುತುಗಳಿಗೆ ಹೋಲಿಸಿ ಹೇಳುತ್ತದೆ. ಮೇಲಿನ ನೀರು ಇಳಿದು ಬರಲು ಹಿಡಿಯುವ ಸಮಯವೇ ದನಕರು, ಕಾಗದಪತ್ರ, ಮುದುಕರು ಮಕ್ಕಳನ್ನು ಎತ್ತರಕ್ಕೆ ಸಾಗಿಸಲು ನಮಗಿರುವ ಅವಕಾಶ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೇಳಿದೆ: “ಇಲ್ಲಿ ಆಕಾಶ ತಿಳಿಯಾಗಿದೆ, ಕೊಯ್ನಾದಿಂದ ನೀರು ಬಿಟ್ಟ ಸುದ್ದಿ ಬಂದಿದೆ. ಏನು ಮಾಡುತ್ತೀರಿ?” ಅದೇ ಹುಡುಗಿ ಕೈ ಎತ್ತಿದಳು. “ಮುಗಲ ನೋಡ್ಕೋತ ಕೂಡಂಗಿಲ್ರಿ ಅಕ್ಕೋರ. ಮೊದಲ ಎಮ್ಮಿ ಬಿಚ್ಚತೀನ್ರಿ.”

ನನ್ನ ಮೊದಲ ಪಾಠದಲ್ಲಿ ಮೋಡಗಳ ಹೆಸರುಗಳು ತಪ್ಪಿರಲಿಲ್ಲ. ಮೋಡ, ಮಳೆ, ಪ್ರವಾಹ ಮೂರೂ ಒಂದೇ ಊರಿನಲ್ಲಿ ನಡೆಯುತ್ತವೆ ಎಂಬಂತೆ ಹೇಳಿದ್ದು ತಪ್ಪು. ಈಗ ನನ್ನ ಪಾಠ ಯೋಜನೆಯಲ್ಲಿ ಮೋಡದ ಚಿತ್ರಗಳ ಪಕ್ಕದಲ್ಲಿ ನದಿಯ ನಕಾಶೆಯೂ ಇದೆ.